ಐಬು ಹೇಳುವ ಅಂಗಡಿ

"ಇನ್ನೊಂದು ಸಲ ತಿರುಗಿಸಿ," ಎಂದಳು ಸೊಸೆ, ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ಡ್ರೈವರ್ ಕೀ ತಿರುಗಿಸಿದ. ವ್ಯಾನು ಒಂದು ಸಲ ನರಳಿ ಮತ್ತೆ ಸುಮ್ಮನಾಯಿತು. ಹಿಂಬದಿಯಲ್ಲಿ ಬಿಳಿ ಬಟ್ಟೆ ಹೊದ್ದು ಅವಳ ಅತ್ತೆ ಮಲಗಿದ್ದಳು. ಊರೆಲ್ಲ ಗಾಡಿಯಮ್ಮ ಎಂದು ಕರೆಯುತ್ತಿದ್ದ ಹೆಂಗಸು ಅದು. ಹಳೇ ಸ್ಕೂಟರು, ಕಾರು, ವ್ಯಾನು ಕೊಂಡು, ರಿಪೇರಿ ಮಾಡಿಸಿ ಮಾರುತ್ತಲೇ ಆಯುಷ್ಯ ಸವೆಸಿದವಳು. ಈಗ ಅವಳನ್ನು ಹೊತ್ತು ಸ್ಮಶಾನಕ್ಕೆ ಹೊರಡಬೇಕಾದ ಈ ವ್ಯಾನೂ ಅವಳೇ ಮಾರಿದ್ದು. ಗೇಟಿನ ಹೊರಗೆ ನೆರೆದಿದ್ದ ಜನ ಏನು ಮಾಡಬೇಕೆಂದು ತೋಚದೆ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತ ನಿಂತಿದ್ದರು.

"ಅಮ್ಮಾವ್ರು ಮಾರೋವಾಗ್ಲೇ ಹೇಳಿದ್ರು ಅಕ್ಕಾ," ಎಂದ ಡ್ರೈವರ್, ತಪ್ಪು ತನ್ನದೇ ಎಂಬಂತೆ. "ಬ್ಯಾಟರಿ ಹತ್ರ ತಂತಿ ಸಡಿಲ ಆಗುತ್ತೆ, ಚಳಿಗೆ ಹಟ ಮಾಡುತ್ತೆ, ಆಮೇಲೆ ನನ್ನ ಬೈಬೇಡ ಅಂದಿದ್ರು. ಆದ್ರೆ ಇವತ್ತೇ ಹಟ ಮಾಡ್ಬೇಕಾ ಇದು?"

"ಹೇಳಿದ್ರು ತಾನೇ? ಮತ್ತೆ ನೋಡ್ಕೋಬೇಕಿತ್ತು."

ಹೇಳಿದ ಮೇಲೆ ಸೊಸೆಗೆ ಕಸಿವಿಸಿಯಾಯಿತು. ಬಾಯಿಂದ ಬಂದದ್ದು ಅತ್ತೆಯ ಮಾತು, ಅತ್ತೆಯದೇ ದನಿ. ಅವಳು ತೋಳು ಮೇಲಕ್ಕೆ ಸುತ್ತಿಕೊಂಡು, ಬ್ಯಾಟರಿಯ ತುದಿಗೆ ಕಟ್ಟಿದ್ದ ಬಿಳಿ ಪುಡಿಯನ್ನು ಕೆರೆದು ತೆಗೆದಳು. ಸ್ಪ್ಯಾನರಿನಿಂದ ನಟ್ಟು ಬಿಗಿ ಮಾಡಿ ಕೈಸನ್ನೆ ಮಾಡಿದಳು. ವ್ಯಾನು ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಶುರುವಾಯಿತು.

ಕೈ ಒರೆಸಿಕೊಳ್ಳುತ್ತ ತಿರುಗುವಷ್ಟರಲ್ಲಿ ಕಾಂಪೌಂಡಿನ ಪಕ್ಕ ನಿಂತ ನೆಂಟರ ಹೆಂಗಸರಿಬ್ಬರ ಪಿಸುಮಾತು ಕಿವಿಗೆ ಬಿತ್ತು.

"ಇಂಥಾ ದಿನಾನೂ ಕೈತುಂಬಾ ಗ್ರೀಸು ನೋಡು. ಕಣ್ಣಲ್ಲಿ ಒಂದು ಹನಿ ನೀರಿಲ್ಲ ಮಹಾತಾಯಿಗೆ."

"ಎಲ್ಲಿಂದ ಬರ್ಬೇಕು? ಅತ್ತೆ ಬಾಯಲ್ಲಿ ಕೂತ್ರೆ ತಪ್ಪು, ನಿಂತ್ರೆ ತಪ್ಪು ಅನ್ನಿಸ್ಕೊಂಡೇ ಬದುಕಿದವಳು. ಮಗಳ ವಿಷಯ ಬೇರೆ. ಮಗಳ ಬಗ್ಗೆ ಗಾಡಿಯಮ್ಮ ಒಂದು ಕೊಂಕು ಮಾತಾಡಿದ್ದು ಕೇಳಿದೀಯಾ ನೀನು?"

ಸೊಸೆ ಕೇಳಿಸದವಳಂತೆ ವ್ಯಾನು ಹತ್ತಿದಳು. ಸುಳ್ಳಾಗಿದ್ದರೆ ತಿರುಗಿ ಎರಡು ಮಾತು ಆಡಬಹುದಿತ್ತು. ಇದು ನಿಜವಾಗಿತ್ತು. ನಿನ್ನೆ ಬೆಳಿಗ್ಗೆ ಅತ್ತೆ ಕುರ್ಚಿಯಲ್ಲಿ ಕೂತಲ್ಲೇ ಕಣ್ಣು ಮುಚ್ಚಿದಾಗಿನಿಂದ ಅವಳ ಅಳು ಹೊರಗೆ ಬರುತ್ತಿರಲಿಲ್ಲ. ಇಷ್ಟು ವರ್ಷ ಜೊತೆಗೆ ದುಡಿದ ನನ್ನನ್ನು ಈಕೆ ಏನೆಂದು ತಿಳಿದಿದ್ದಳು? ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದ್ದಳು. ಈಗ ಕೇಳೋಣವೆಂದರೆ ಉತ್ತರ ಕೊಡುವವಳೇ ಬಿಳಿ ಬಟ್ಟೆ ಹೊದ್ದಿದ್ದಳು.

ಎದುರು ಸೀಟಿನಲ್ಲಿ ನಾದಿನಿ ಬಿಕ್ಕುತ್ತ ಕೂತಿದ್ದಳು.

*

ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೊರಗಿದ ಸ್ಕೂಟರುಗಳ ಸಾಲು, ಒಂದು ಬೆಂಚು. ಗಾಡಿಯಮ್ಮನ ಅಂಗಡಿ ಎಂದರೆ ಇಷ್ಟೇ. ಸೊಸೆಯ ಗಂಡನಿಗೆ ಅಂಚೆ ಕಚೇರಿಯಲ್ಲಿ ಕೆಲಸವಿತ್ತು. ಅಂಗಡಿಯ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಅತ್ತೆಗೆ ಬುತ್ತಿ ತಂದುಕೊಡಲು ಬಂದವಳು, ಅಲ್ಲೇ ಸ್ಪ್ಯಾನರು ಹಿಡಿದಳು.

ಅಂದು ಬೆಂಚಿನ ಮೇಲೆ ಒಬ್ಬ ನರ್ಸ್ ಕೂತಿದ್ದಳು. ಆಸ್ಪತ್ರೆಗೆ ಹೋಗಿಬರಲು ಸ್ಕೂಟರು ಬೇಕಿತ್ತು. ಅತ್ತೆ ಒಂದನ್ನು ಮುಂದಕ್ಕೆ ತಳ್ಳಿ, ಅದರ ಪಕ್ಕ ನಿಂತು, ಮಗುವಿನ ಮೇಲೆ ಮೇಷ್ಟ್ರಿಗೆ ದೂರು ಹೇಳುವ ತಾಯಿಯ ಹಾಗೆ ಶುರು ಮಾಡಿದಳು.

"ಮೊದಲು ಇದರ ಐಬು ಕೇಳ್ಕೊಳ್ಳಿ. ಎಡಕ್ಕೆ ಸ್ವಲ್ಪ ಎಳೆಯುತ್ತೆ. ಏರಿನಲ್ಲಿ ಇಬ್ಬರನ್ನ ಕೂರಿಸಿದ್ರೆ ಗೊಣಗುತ್ತೆ. ಹಾರ್ನ್ ತನಗೆ ಮನಸ್ಸು ಬಂದಾಗ ಕೂಗುತ್ತೆ. ಮಳೆಯಲ್ಲಿ ನಿಲ್ಲಿಸಿದ್ರೆ ಪ್ಲಗ್ ಒರೆಸಬೇಕು. ಇಷ್ಟೇ. ಇನ್ನು ಕಣ್ಣುಮುಚ್ಚಿ ತಗೊಂಡು ಹೋಗಿ."

ನರ್ಸ್ ಗಾಬರಿಯಾದಳು. "ಇಷ್ಟೊಂದು ಐಬಾ? ಆ ಕೆಂಪು ಕಾರಿನ ಪಕ್ಕ ಇರೋದು ಹೇಗಿದೆ?"

"ಅದಾ? ಚೆನ್ನಾಗಿದೆ. ಬಣ್ಣ ಚೆನ್ನಾಗಿದೆ, ಸೀಟು ಚೆನ್ನಾಗಿದೆ," ಎಂದು ಅತ್ತೆ ಆಕಳಿಸಿದಳು. "ಆದ್ರೆ ಅದನ್ನ ಈಗ ಕೊಡಲ್ಲ. ನಾನಿನ್ನೂ ಓಡಿಸಿ ನೋಡಿಲ್ಲ."

ನರ್ಸ್ ಆಮೇಲೆ ಬರುತ್ತೇನೆಂದು ಹೋದಳು. ಹಾಗೆ ಹೋದವರು ಬಹಳ ಜನ. ಇಷ್ಟು ಐಬು ಬಾಯಿಬಿಟ್ಟು ಹೇಳುವವಳು ಇನ್ನೆಷ್ಟು ಮುಚ್ಚಿಟ್ಟಿರಬೇಕು ಎಂಬುದು ಅವರ ಲೆಕ್ಕ. ಗಿರಾಕಿ ಓಡಿಸುವುದರಲ್ಲಿ ಅಮ್ಮನನ್ನು ಮೀರಿಸುವವರಿಲ್ಲ ಎಂದು ಗಂಡ ನಗುತ್ತಿದ್ದ. ಮೇಲೆ ಥಳುಕು ಒಳಗೆ ಹುಳುಕು ಇರುವುದನ್ನು ಬೇರೆಲ್ಲೋ ಕೊಂಡು, ಕೈ ಸುಟ್ಟುಕೊಂಡು, ಅವರೇ ತಿರುಗಿ ಬರುತ್ತಿದ್ದರು. ಒಮ್ಮೆ ಬಂದವರು ಮಕ್ಕಳನ್ನೂ ಇಲ್ಲಿಗೇ ಕಳಿಸುತ್ತಿದ್ದರು. ನರ್ಸ್ ಕೂಡ ಬಂದಳು.

ಇದೆಲ್ಲ ಸೊಸೆಗೆ ಹಿಡಿಸಿತ್ತು. ಹಿಡಿಸದೇ ಇದ್ದದ್ದು ಒಂದೇ. ಮನೆಗೆ ಯಾರೇ ಬರಲಿ, ಅತ್ತೆ ಅವಳನ್ನು ಪರಿಚಯಿಸುತ್ತಿದ್ದ ರೀತಿ. "ಇವಳು ನನ್ನ ಸೊಸೆ. ಮಾತು ಒರಟು. ಒಲೆ ಮೇಲೆ ಏನಾದ್ರೂ ಇಟ್ರೆ ಮರೆತೇಬಿಡ್ತಾಳೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ." ಬಂದವರು ಹಲ್ಲು ಕಿರಿಯುತ್ತಿದ್ದರು. ಅವಳು ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ, ಪಾತ್ರೆ ಕುಕ್ಕಿ ಕುಕ್ಕಿ ತೊಳೆಯುತ್ತಿದ್ದಳು.

ನಾದಿನಿ ಬಂದರೆ ಆ ಬಾಯೇ ಬೇರೆ. "ನನ್ನ ಮಗಳು ಬಂಗಾರ. ಅವಳಲ್ಲಿ ಒಂದು ಕುಂದು ತೋರಿಸಿ ನೋಡೋಣ." ಮಾವ ತೀರಿಕೊಂಡಾಗ ನಾದಿನಿ ಇನ್ನೂ ಹಾಲುಗಲ್ಲದ ಕೂಸು. ಅಂಗಡಿಯನ್ನೂ ಕೂಸನ್ನೂ ಒಟ್ಟಿಗೆ ಸಾಕಲಾರದೆ ಅತ್ತೆ ಅವಳನ್ನು ದೂರದ ಊರಿನಲ್ಲಿದ್ದ ತನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದಳು. ಹುಡುಗಿ ರಜೆಯಲ್ಲಿ ಬರುತ್ತಿದ್ದಳು, ಹೊಸ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದಳು. ಅಲ್ಲೇ ಓದಿ, ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದಳು. ಅವಳು ಬಂದಾಗಲೆಲ್ಲ ಅತ್ತೆ ಬೆಂಚು ಒರೆಸಿ ಕೂರಿಸುತ್ತಿದ್ದಳು, ಗಿರಾಕಿಯನ್ನು ಕೂರಿಸುವ ಹಾಗೆ.

*

ಮಣ್ಣು ಮುಚ್ಚಿ ಆಗಿತ್ತು. ಜನ ಒಬ್ಬೊಬ್ಬರೇ ಸೊಸೆಯ ಗಂಡನ ಕೈ ಹಿಡಿದು ಸಂತೈಸಿ ಹೊರಡುತ್ತಿದ್ದರು. ಕೋಟಿಗೆ ಬಿಲ್ಲೆ ಸಿಕ್ಕಿಸಿಕೊಂಡ ಒಂದು ಗುಂಪು ಮಾತ್ರ ಮರದ ನೆರಳಲ್ಲಿ ತಡೆದು ನಿಂತಿತ್ತು. ಅದು ಸೇವಾ ಕ್ಲಬ್ಬಿನವರದು. ಶಾಲೆಗೆ ಬೆಂಚು ಕೊಡಿಸುವುದು, ಕಣ್ಣಿನ ಪರೀಕ್ಷೆ ಮಾಡಿಸುವುದು, ವಾರಕ್ಕೊಮ್ಮೆ ಒಟ್ಟಿಗೆ ಊಟ ಮಾಡಿ ಒಂದು ಭಾಷಣ ಕೇಳುವುದು ಅವರ ಕೆಲಸ. ಗಾಡಿಯಮ್ಮ ಅದರ ಹಳೇ ಸದಸ್ಯೆ.

ಅಧ್ಯಕ್ಷರು ಬೇಕರಿ ಇಟ್ಟವರು, ಮೈಯೂ ಮಾತೂ ಮೃದು. ಮೆಲ್ಲಗೆ ಗಂಡನ ಹತ್ತಿರ ಬಂದರು.

"ಈ ಹೊತ್ತಲ್ಲಿ ಕೇಳಬಾರದು. ಇವತ್ತು ನಮ್ಮ ಊಟದ ಸಭೆ. ಅಮ್ಮಾವ್ರದೇ ಭಾಷಣ ಇತ್ತು, 'ವ್ಯಾಪಾರದಲ್ಲಿ ನಂಬಿಕೆ' ಅಂತ. ರದ್ದು ಮಾಡೋಣ ಅಂದ್ರೆ ಅಡುಗೆಯವರು ಆಗ್ಲೇ ಎಲ್ಲ ಹೊಂದಿಸಿಬಿಟ್ಟಿದ್ರು. ನೀವು ಮನೆಯವರೆಲ್ಲ ಬಂದ್ರೆ, ಅಲ್ಲೇ ಅವರನ್ನ ನೆನೆಸ್ಕೊಂಡು ಒಂದು ತುತ್ತು..."

ಗಂಡ ಎಂದಿನಂತೆ ಮೊದಲು ಹೆಂಡತಿಯ ಮುಖ ನೋಡಿದ. "ಬರ್ತೀವಿ," ಎಂದ. "ಊಟ ಹಾಳು ಮಾಡಿದ್ರೆ ಅಮ್ಮನಿಗೆ ಆಗ್ತಿರಲಿಲ್ಲ."

"ಅಮ್ಮಾವ್ರ ಬದಲು ನಿಮ್ಮಲ್ಲಿ ಯಾರಾದ್ರೂ ನಾಲ್ಕು ಮಾತಾಡಿದ್ರೆ ಚೆಂದ." ಅಧ್ಯಕ್ಷರ ಕಣ್ಣು ನೇರ ನಾದಿನಿಯ ಮೇಲೆ ಹೋಯಿತು. "ನೀವು ಮೇಡಂ, ಪಾಠ ಹೇಳೋರು..."

ನಾದಿನಿ ಕಣ್ಣೊರೆಸಿಕೊಂಡು ಆಗಲಿ ಎಂದು ತಲೆಯಾಡಿಸಿದಳು. ಪಕ್ಕದಲ್ಲಿದ್ದ ಕಾರ್ಯದರ್ಶಿ, ಔಷಧಿ ಅಂಗಡಿಯವರು, "ಅಲ್ಲ, ಮೊನ್ನೆ ಫೋನಿನಲ್ಲಿ ಅಮ್ಮಾವ್ರು ನಂಗೆ..." ಎಂದು ಶುರು ಮಾಡಿ, ಸೊಸೆಯ ಮುಖ ಕಂಡು ಮಾತು ನುಂಗಿದರು.

ಸೊಸೆ ತನ್ನ ಉಗುರಿನ ಸಂದಿಯ ಕಪ್ಪನ್ನು ನೋಡಿಕೊಂಡಳು. ಸದ್ಯ, ನನ್ನನ್ನು ಕರೆಯಲಿಲ್ಲ ಎಂದು ಒಂದು ಕಡೆ. ಕರೆಯಬೇಕೆಂದು ಯಾರಿಗೂ ಹೊಳೆಯಲೂ ಇಲ್ಲವಲ್ಲ ಎಂದು ಇನ್ನೊಂದು ಕಡೆ.

*

ಕ್ಲಬ್ಬಿನ ಸಭಾಂಗಣ ಒಂದು ಹಳೇ ಕಟ್ಟಡದ ಮೇಲ್ಮಹಡಿಯಲ್ಲಿತ್ತು. ದುಂಡು ಮೇಜುಗಳು, ಬಿಳಿ ಹಾಸು, ಮೂಲೆಯಲ್ಲಿ ಅಧ್ಯಕ್ಷರ ಹಿತ್ತಾಳೆ ಗಂಟೆ. ಗೋಡೆಯ ಮೇಲೆ ಭಾಷಣದ ಬ್ಯಾನರು ಹಾಗೇ ಇತ್ತು. ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ. ತಟ್ಟೆಗಳಲ್ಲಿ ಊಟ ಬಡಿಸಿಟ್ಟಿದ್ದರು. ಮಾತು ಮುಗಿಯದೆ ಯಾರೂ ಮುಟ್ಟುವಂತಿರಲಿಲ್ಲ.

ಒಬ್ಬೊಬ್ಬರೇ ಎದ್ದರು. ಅಮ್ಮನವರು ಶಾಂತಸ್ವಭಾವದವರು ಎಂದರು ಒಬ್ಬರು. ಸಿಟ್ಟೆಂದರೇನೆಂದು ಅರಿಯದವರು ಎಂದರು ಇನ್ನೊಬ್ಬರು. ಹೋದ ವರ್ಷ ಇದೇ ಮನುಷ್ಯನ ಕಾರಿನ ಬಾಗಿಲನ್ನು ಅತ್ತೆ ಕೋಪದಲ್ಲಿ ಬಡಿದ ರಭಸಕ್ಕೆ ಗಾಜು ಇಳಿದುಹೋಗಿತ್ತು. ಸತ್ತ ಎಮ್ಮೆಗೆ ಸೇರು ಹಾಲು ಅನ್ನುವುದು ಸುಮ್ಮನೆ ಅಲ್ಲ. ಒಬ್ಬೊಬ್ಬರು ಹೊಗಳಿದಂತೆಲ್ಲ ಅತ್ತೆ ಒಂದೊಂದು ಮಾರು ದೂರ ಹೋಗುತ್ತಿದ್ದಾಳೆ, ಇನ್ನು ಸ್ವಲ್ಪ ಹೊತ್ತಿಗೆ ಗುರುತೇ ಸಿಗುವುದಿಲ್ಲ ಎಂದು ಸೊಸೆಗೆ ಅನ್ನಿಸಿ ಭಯವಾಯಿತು.

ಆಮೇಲೆ ನಾದಿನಿ. "ನನ್ನ ತಾಯಿ ತ್ಯಾಗಮಯಿ," ಎಂದು ಚೆನ್ನಾಗಿ ಶುರು ಮಾಡಿದಳು. "ಕಷ್ಟಜೀವಿ. ಪ್ರಾಮಾಣಿಕರು. ಅವರು..." ನಿಂತಳು. ಮುಂದಿನ ಮಾತಿಗೆ ಎಲ್ಲೋ ಹುಡುಕಿದಳು. "ಅವರು ತುಂಬಾ ಒಳ್ಳೆಯವರು." ಮತ್ತೆ ಹುಡುಕಿದಳು. ಸಿಗಲಿಲ್ಲ. ಜನ ಅದನ್ನು ದುಃಖವೆಂದು ತಿಳಿದು ತಲೆ ತಗ್ಗಿಸಿದರು. ಅವಳು ಬಂದು ಸೊಸೆಯ ಪಕ್ಕದ ಕುರ್ಚಿಯಲ್ಲಿ ಕುಸಿದಳು.

ಆಗ ಕಾರ್ಯದರ್ಶಿ ಬಗ್ಗಿಕೊಂಡು ಇವರ ಮೇಜಿಗೆ ಬಂದರು.

"ತಪ್ಪು ತಿಳ್ಕೋಬೇಡಿ ತಾಯಿ. ಹೇಳದೇ ಇದ್ರೆ ನನಗೆ ನಿದ್ದೆ ಬರಲ್ಲ. ಮೊನ್ನೆ ಅಮ್ಮಾವ್ರು ಫೋನ್ ಮಾಡಿದ್ರು. 'ಭಾಷಣ ನಾನು ಮಾಡಲ್ಲ, ನನ್ನ ಸೊಸೆ ಮಾಡ್ತಾಳೆ. ಅಂಗಡಿ ಈಗ ಅವಳದೇ. ನಾನು ಮುಂದೆ ಕೂತು ಊಟ ಮಾಡ್ತೀನಿ' ಅಂದ್ರು. ನಿಮಗಿನ್ನೂ ಹೇಳಿರಲಿಲ್ಲ ಅನ್ಸುತ್ತೆ."

"ನಾನಾ?" ಎಂದಳು ಸೊಸೆ. "ಮತ್ತೆ ಬೆಳಿಗ್ಗೆ ಯಾಕೆ ಹೇಳಲಿಲ್ಲ ನೀವು?"

ಅವರು ಕರವಸ್ತ್ರ ಹಿಂಡಿದರು. "ಹೇಗೆ ಹೇಳಲಿ? ಜೊತೆಗೇ ನಿಮ್ಮನ್ನ ಬಹಳ ಅಂದ್ಬಿಟ್ರು. ಮಾತು ಒರಟು ಅಂದ್ರು. ಜನ ಕಂಡ್ರೆ ಮುಖ ಗಂಟು ಹಾಕ್ಕೋತಾಳೆ, ಮೈಕ್ ಮುಂದೆ ಮೊದಲು ತಡವರಿಸ್ತಾಳೆ, ಯಾರಾದ್ರೂ ಅಡ್ಡ ಪ್ರಶ್ನೆ ಕೇಳಿದ್ರೆ ಜಗಳಕ್ಕೇ ನಿಲ್ತಾಳೆ ಅಂದ್ರು."

ಸೊಸೆಯ ಕಿವಿ ಬಿಸಿಯಾಯಿತು. ಸಾಯುವ ಹಿಂದಿನ ದಿನವೂ ಬಿಡಲಿಲ್ಲ ಈಕೆ. ಊರವರ ಕಿವಿಗೂ ಊದಿ ಹೋದಳು.

"ಅಷ್ಟೇನಾ?" ಎಂದಳು, ಹಲ್ಲು ಕಚ್ಚಿ.

"ಅಷ್ಟೇ. ಕೊನೆಗೆ ಅದೇನೋ... ನನಗೂ ಅರ್ಥ ಆಗ್ಲಿಲ್ಲ. 'ಇಷ್ಟೇ. ಇನ್ನು ಕಣ್ಣುಮುಚ್ಚಿ ತಗೊಂಡು ಹೋಗಿ' ಅಂತ ಅಂದು ಫೋನ್ ಇಟ್ರು."

ಆ ಮಾತನ್ನು ಸೊಸೆ ಅಂಗಡಿಯಲ್ಲಿ ಎಷ್ಟು ಸಲ ಕೇಳಿದ್ದಳೋ. ಸ್ವತಃ ಎಷ್ಟು ಗಿರಾಕಿಗಳಿಗೆ ಹೇಳಿದ್ದಳೋ. ಓಡಿಸಿ ನೋಡಿ, ಬಿಚ್ಚಿ ನೋಡಿ, ಇದಕ್ಕೆ ನಾನು ಜವಾಬ್ದಾರಿ ಎಂದು ಎದೆ ತಟ್ಟಿಕೊಳ್ಳಬಲ್ಲ ಗಾಡಿಗೆ ಮಾತ್ರ ಹೇಳುವ ಮಾತು ಅದು. ಇಷ್ಟು ವರ್ಷ ಅದೇ ಬೆಂಚಿನ ಪಕ್ಕ ನಿಂತಿದ್ದೂ, ಬಂದವರೆದುರು ಅತ್ತೆ ತನ್ನ ಐಬು ಹೇಳುತ್ತಿದ್ದದ್ದು ಯಾಕೆಂದು ತಿಳಿದಿರಲಿಲ್ಲ. ಅಂಗಡಿಯಲ್ಲಿ ತಿಳಿದದ್ದು ಮನೆಯಲ್ಲಿ ತಿಳಿದಿರಲಿಲ್ಲ. ಬದುಕಿನಲ್ಲಿ ಅಷ್ಟು ಸಂತೋಷವೂ ಅಷ್ಟು ಸಂಕಟವೂ ಒಟ್ಟಿಗೆ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಯಾರಾದರೂ ಕರೆಯುವ ಮೊದಲೇ ಎದ್ದು ಹೋಗಿ ಮೈಕ್ ಹಿಡಿದಳು. ಮೊದಲು ತಡವರಿಸಿದಳು.

"ನಮ್ಮತ್ತೆ... ನಮ್ಮತ್ತೆ ಐಬು ಹೇಳ್ತೀನಿ."

ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಅಧ್ಯಕ್ಷರು ಗಂಟೆಯ ಮೇಲೆ ಕೈಯಿಟ್ಟು ಹಾಗೇ ಕೂತರು.

"ಶಾಂತಸ್ವಭಾವ ಅಂದ್ರಿ. ನಮ್ಮತ್ತೆಗೆ ಬೆಂಕಿಯಂಥ ಸಿಟ್ಟು. ತಪ್ಪು ತಮ್ಮದೇ ಅಂತ ಗೊತ್ತಾದ್ರೆ ಇನ್ನೂ ಜೋರು. ಮಧ್ಯಾಹ್ನ ಬೆಂಚಿನ ಮೇಲೆ ಗೊರಕೆ ಹೊಡೀತಿದ್ರು, ಎಬ್ಬಿಸಿದ್ರೆ ಯೋಚನೆ ಮಾಡ್ತಿದ್ದೆ ಅನ್ನೋರು. ಕಿವಿ ಮಂದ ಆಗಿ ಬಹಳ ದಿನ ಆಗಿತ್ತು. ಒಪ್ಕೊಳ್ಳಲಿಲ್ಲ. ಎಂಜಿನ್ ಮೇಲೆ ಅಂಗೈ ಇಟ್ಟು, ಅದುರೋದು ನೋಡಿ, ಸದ್ದು ಕೇಳಿಸ್ತು ಅಂತ ಬುರುಡೆ ಬಿಡೋರು."

ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಒಂದು ದಿನ ಮಗನನ್ನ ಕೇಳದೆ ಅವನ ಸ್ಕೂಟರನ್ನೇ ಮಾರಿಬಿಟ್ರು. ನನ್ನ ಗಂಡ ಸಂಜೆ ಕಚೇರಿ ಮುಂದೆ, ಬೆಳಿಗ್ಗೆ ನಡ್ಕೊಂಡು ಬಂದೆನೋ ಗಾಡಿಯಲ್ಲಿ ಬಂದೆನೋ ಅಂತ ಯೋಚಿಸ್ತಾ ನಿಂತಿದ್ರು."

ಈಗ ಇಡೀ ಸಭೆ ನಕ್ಕಿತು. ಗಂಡ ನಗುತ್ತಲೇ ಮುಖ ಮುಚ್ಚಿಕೊಂಡ; ಅವನ ಹೆಗಲು ಕುಲುಕಿದ್ದು ನಗುವಿಗೋ ಅಳುವಿಗೋ ಹೇಳುವಂತಿರಲಿಲ್ಲ.

"ಎಲ್ಲಕ್ಕಿಂತ ದೊಡ್ಡ ಐಬು ಒಂದಿದೆ. ಎದುರಿಗಿದ್ದವರಿಗೆ ಚೆನ್ನಾಗಿ ಮಾಡಿದೆ ಅಂತ ಹೇಳೋಕೆ ಬರ್ತಿರಲಿಲ್ಲ ಅವರಿಗೆ. ನಾನು ಎಂಥೆಂಥಾ ಎಂಜಿನ್ ರಿಪೇರಿ ಮಾಡಿದೀನಿ. ಅದೊಂದನ್ನ ಮಾಡೋಕೆ ಆಗ್ಲಿಲ್ಲ." ದನಿ ಒಡೆಯಿತು. ನಿನ್ನೆಯಿಂದ ಕಾದಿದ್ದ ಅಳು ಎಲ್ಲರೆದುರು, ಮೈಕಿನಲ್ಲಿ, ನಾಚಿಕೆಯಿಲ್ಲದೆ ಬಂತು.

ಕಣ್ಣು ಒರೆಸಿಕೊಂಡು ನೋಡಿದರೆ ಸಭೆಯಲ್ಲಿ ಕಣ್ಣೊದ್ದೆ ಮಾಡಿಕೊಂಡು ನಗುವವರೇ ಎಲ್ಲ. ನಾದಿನಿಯ ಕುರ್ಚಿ ಮಾತ್ರ ಖಾಲಿ.

*

ನಾದಿನಿ ಅಡುಗೆಮನೆಯ ಹಿಂದೆ, ಕೈತೊಳೆಯುವ ತೊಟ್ಟಿಯ ಪಕ್ಕ, ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತಿದ್ದಳು. ನಲ್ಲಿ ಸಣ್ಣಗೆ ಸುರಿಯುತ್ತಿತ್ತು. ಮುಖ ತೊಳೆದಿದ್ದಳು, ಒರೆಸಿಕೊಂಡಿರಲಿಲ್ಲ.

"ಬಾಮ್ಮ, ಊಟ ಆರಿಹೋಗುತ್ತೆ," ಎಂದಳು ಸೊಸೆ ನಲ್ಲಿ ತಿರುಗಿಸುತ್ತ.

"ಅತ್ತಿಗೆ, ಅಮ್ಮ ಗೊರಕೆ ಹೊಡೀತಾರೆ ಅಂತ ನಂಗೆ ಗೊತ್ತಿರಲಿಲ್ಲ."

ಸೊಸೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ನಾನು ಮಾತಾಡೋಕೆ ನಿಂತಾಗ ಒಂದೂ ನೆನಪಾಗ್ಲಿಲ್ಲ. ದುಃಖಕ್ಕಲ್ಲ. ಇರಲೇ ಇಲ್ಲ." ನಾದಿನಿ ತನ್ನ ಒದ್ದೆ ಅಂಗೈ ನೋಡಿಕೊಂಡಳು. "ಕಾರ್ಯದರ್ಶಿ ನಿಮಗೆ ಹೇಳಿದ್ದು ನಂಗೂ ಕೇಳಿಸ್ತು. ಬಂಗಾರ ಬಂಗಾರ ಅಂತಿದ್ರು ನನ್ನ. ಆ ಅಂಗಡಿಯಲ್ಲಿ ಹೊಗಳಿದ್ರೆ ಏನು ಅರ್ಥ ಅಂತ ಚಿಕ್ಕವಳಿದ್ದಾಗ್ಲೇ ನೋಡಿದೀನಿ ಅತ್ತಿಗೆ. ಓಡಿಸಿ ನೋಡಿಲ್ಲ ಅಂತ." ಅವಳು ತಲೆ ಎತ್ತಿದಳು. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸಿನ ಮುಖದಲ್ಲಿ, ರಜೆ ಮುಗಿದು ವಾಪಸು ಹೊರಟ ಹುಡುಗಿ ಕಂಡಳು. "ನಿಮ್ಮ ಹತ್ರ ಹೇಳಿರಬಹುದು ಅಲ್ವಾ? ನನ್ನ ಐಬು? ಒಂದಾದ್ರೂ?"

ಇಲ್ಲ ಎಂಬ ಮಾತು ಸೊಸೆಯ ನಾಲಗೆಯ ತುದಿಗೆ ಬಂತು. ಅತ್ತೆ ಹೇಳಿರಲಿಲ್ಲ. ಒಂದು ದಿನವೂ ಇಲ್ಲ, ಒಂದು ಮಾತೂ ಇಲ್ಲ. ಆ ಅಂಗಡಿಯಲ್ಲಿ ಸ್ಪ್ಯಾನರು ಹಿಡಿದಾಗಿನಿಂದ ಅವಳು ಯಾರಿಗೂ ಇಲ್ಲದ್ದನ್ನು ಇದೆ ಎಂದಿರಲಿಲ್ಲ.

"ಒಂದಾ ಎರಡಾ," ಎಂದಳು.

ನಾದಿನಿ ಕಣ್ಣು ಮಿಟುಕಿಸದೆ ನೋಡಿದಳು.

"ಲೋಟದಲ್ಲಿ ಅರ್ಧ ಟೀ ಬಿಡ್ತೀಯಂತೆ. ಯಾವಾಗ ಬಂದ್ರೂ ಅಷ್ಟೇ. ನೀನು ಹೋದ್ಮೇಲೆ ಅದನ್ನ ತೋರಿಸಿ ತೋರಿಸಿ ಬೈಯೋರು."

ಬೈದವರು ಯಾರೂ ಇರಲಿಲ್ಲ. ಆ ಲೋಟ ತೊಳೆದವಳು ಸೊಸೆ, ಅರ್ಧ ಟೀ ಕಂಡವಳೂ ಸೊಸೆ.

"ಅಮ್ಮ ಅದನ್ನ ನೋಡಿದ್ರಾ?"

"ನೋಡದೆ? ಒದ್ದೆ ಟವಲ್ಲು ಮಡಚಿ ಇಡ್ತೀಯ ಅಂತ ಬೇರೆ. ಹೇಳಿದ್ರೆ ಎಲ್ಲಿ ಬೇಜಾರು ಮಾಡ್ಕೋತೀಯೋ ಅಂತ ನನ್ನ ಮೇಲೆ ಕೂಗಾಡೋರು." ಸೊಸೆ ಇನ್ನೊಂದು ಪೆಟ್ಟಿಗೆ ಎಳೆದುಕೊಂಡು ಎದುರಿಗೆ ಕೂತಳು. ನೆನಪಿನಲ್ಲಿ ತಡಕಾಡಿದಳು. ಎಷ್ಟೊಂದು ಸಿಕ್ಕಿದವು ಎಂದು ಅವಳಿಗೇ ಆಶ್ಚರ್ಯವಾಯಿತು. "ಫೋನಿನಲ್ಲಿ ಹೇಗಿದೀಯಾ ಅಂತ ಕೇಳಿ ಮುಗಿಸೋಕೂ ಬಿಡಲ್ಲ, ಚೆನ್ನಾಗಿದೀನಿ ಅಂದ್ಬಿಡ್ತಾಳೆ, ಸುಳ್ಳಿ ಅನ್ನೋರು."

ನಾದಿನಿಯ ಬಾಯಿ ಅಳುವಿಗೆ ಸೊಟ್ಟಗಾಗಿ, ಅಲ್ಲೇ ನಗುವಿಗೆ ತಿರುಗಿತು. "ಸುಳ್ಳಿ ಅಂದ್ರಾ?"

"ಅಂದ್ರು. ಎಷ್ಟು ಸಲ."

ಒಳಗೆ ಅಧ್ಯಕ್ಷರು ಊಟಕ್ಕೆ ಗಂಟೆ ಬಾರಿಸಿದರು. ಚಮಚಗಳ ಸದ್ದು ಎದ್ದಿತು. ನಾದಿನಿ ಏಳಲಿಲ್ಲ. ಪೆಟ್ಟಿಗೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು.

"ಆಮೇಲೆ?" ಎಂದಳು.